ಐಸೋ ಇ ಸೂಪರ್, ಗಂಧದೆಣ್ಣೆ, ಜಾವನಾಲ್: ಯಾವ ಕೆಲಸಕ್ಕೆ ಯಾವ ಮರದ ಘಮ?

"ಗಂಧದೆಣ್ಣೆ ಕೊಳ್ಳೋಕೆ ಆಗಲ್ಲ, ಅದರ ಬದಲು ಐಸೋ ಇ ಸೂಪರ್ ಹಾಕಿದ್ರೆ ನಡೆಯುತ್ತಾ?" ಮನೆಯಲ್ಲೇ ಸೋಪು, ಅತ್ತರು, ಊದುಬತ್ತಿ ಮಾಡಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಐಸೋ ಇ ಸೂಪರ್ (ಚುಟುಕಾಗಿ ಐಸೋ ಇ) ಎಂದರೆ ಕಾರ್ಖಾನೆಯಲ್ಲಿ ತಯಾರಾಗುವ, ಮರದ ಘಮದ ಒಂದು ಸಾಮಗ್ರಿ. ನಡೆಯಲ್ಲ. ಅಂಗಡಿಯ ಪಟ್ಟಿಯಲ್ಲಿ ಎರಡರ ಮುಂದೆಯೂ 'ವುಡಿ' ಎಂದು ಬರೆದಿರುತ್ತದೆ, ಅವೆರಡರ ನಂಟು ಅಷ್ಟೇ. ಹುಣಸೆಹಣ್ಣೂ ಹುಳಿ, ಮಜ್ಜಿಗೆಯೂ ಹುಳಿ; ಹಾಗಂತ ಸಾರಿಗೆ ಮಜ್ಜಿಗೆ ಸುರಿಯುತ್ತೇವೆಯೇ?

ಮರದ ಘಮದ ಸಾಮಗ್ರಿ ಆರಿಸುವಾಗ ಯಾವುದು ಶ್ರೀಗಂಧದ ಹಾಗಿದೆ ಎಂದು ಹುಡುಕುತ್ತ ಕೂತರೆ ದುಡ್ಡು ಹೋಗುತ್ತದೆ. ಇದರಿಂದ ಯಾವ ಕೆಲಸ ಮಾಡಿಸಿಕೊಳ್ಳಬೇಕು ಎಂದು ಮೊದಲು ಕೇಳಿಕೊಳ್ಳಿ. ಮೈಮೇಲೆ ಹಚ್ಚಬೇಕೆ, ನೀರಿನಲ್ಲಿ ತೊಳೆದು ಹೋಗಬೇಕೆ, ಉರಿದು ಹೊಗೆಯಾಗಬೇಕೆ? ಮೂರಕ್ಕೂ ಉತ್ತರ ಬೇರೆ ಬೇರೆ.

ಬಾಟಲಿಯಲ್ಲಿ ವಾಸನೆಯೇ ಇಲ್ಲದ ಸಾಮಗ್ರಿ

ಮೊದಲ ಸಲ ಐಸೋ ಇ ಸೂಪರ್ ತಂದದ್ದು ಐವತ್ತು ಗ್ರಾಂ. ಮುಚ್ಚಳ ತೆಗೆದು ಮೂಸಿದೆ, ಏನೂ ಇಲ್ಲ. ಮೂಸಿ ನೋಡಲೆಂದೇ ಇರುವ ಕಾಗದದ ಬ್ಲಾಟರ್ ಪಟ್ಟಿಯನ್ನು ಅದ್ದಿ ಮೂಸಿದೆ, ಆಗಲೂ ಇಲ್ಲ. ಬರಿಯ ಡಿಪಿಜಿ (ಸುಗಂಧವನ್ನು ತೆಳುಮಾಡುವ, ವಾಸನೆಯಿಲ್ಲದ ದ್ರವ) ತುಂಬಿ ಟೋಪಿ ಹಾಕಿದ್ದಾನೆ ಎಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಂಡು, ಕರ್ಚೀಫಿಗೆ ನಾಲ್ಕು ಹನಿ ಸುರಿದು ಮರೆತುಬಿಟ್ಟೆ. ಮರುದಿನ ಬೆಳಿಗ್ಗೆ ಬಟ್ಟೆ ಮಡಿಸುತ್ತಿದ್ದ ಅತ್ತಿಗೆ, "ಇದೇನೇ, ಹೊಸ ಬೀರು ಬಾಗಿಲು ತೆಗೆದ ಹಾಗೆ ಘಮ ಬರ್ತಿದೆ" ಅಂದರು. ಅಂಗಡಿಯವನು ಮೋಸ ಮಾಡಿರಲಿಲ್ಲ. ನನ್ನ ಮೂಗಿಗೆ ಅಭ್ಯಾಸವಿರಲಿಲ್ಲ.

ಇದು ಈ ಅಣುವಿನ ಸ್ವಭಾವ. ಹಚ್ಚಿಕೊಂಡವರಿಗೆ ಒಮ್ಮೆ ಬರುತ್ತದೆ, ಒಮ್ಮೆ ಮಾಯವಾಗುತ್ತದೆ. ಎದುರು ಕೂತವರಿಗೆ ಮಾತ್ರ ಆಗಾಗ ಬೀಸಿ ಹೋಗುತ್ತಿರುತ್ತದೆ. ಕೆಲವರಿಗೆ ಇದು ತಿಳಿಯುವುದೇ ಇಲ್ಲ. ವರ್ಣಿಸುವುದೂ ಕಷ್ಟ. ಹೊಸದಾಗಿ ಉಜ್ಜುಗೊರಡು ಹಾಕಿದ ಹಲಗೆ, ಅದರ ಮೇಲೊಂದು ತೆಳ್ಳನೆಯ ಮಖಮಲ್ಲು ಹೊದಿಸಿದ ಹಾಗೆ ಎಂದರೆ ಸರಿಹೋದೀತು. ವಿದೇಶದವರು 'ಪೆನ್ಸಿಲ್ ಹೆರೆದ ವಾಸನೆ' ಎಂದು ಬರೆಯುತ್ತಾರೆ. ಅವರ ಹಳೆಯ ಪೆನ್ಸಿಲ್ ಸಿಡಾರ್ ಮರದ್ದು. ನಮ್ಮ ಮಕ್ಕಳ ಡಬ್ಬಿಯಲ್ಲಿರುವ ಪೆನ್ಸಿಲ್‌ಗೆ ಕಾಶ್ಮೀರದ ಪಾಪ್ಲರ್ ಮರ ಬಳಸುವುದು ಹೆಚ್ಚು. ಹಾಗಾಗಿ ಆ ವರ್ಣನೆ ಓದಿ ಮಗಳ ಪೆನ್ಸಿಲ್ ಹೆರೆದು ಮೂಸಿದರೆ ನಿರಾಸೆಯೇ.

ಅಮೆರಿಕದ ಐಎಫ್‌ಎಫ್ ಎಂಬ ಸುಗಂಧ ಕಂಪನಿಯ ಜಾನ್ ಹಾಲ್ ಮತ್ತು ಜೇಮ್ಸ್ ಸ್ಯಾಂಡರ್ಸ್ 1973ರಲ್ಲಿ ಇದನ್ನು ತಯಾರಿಸಿದರು. ಪೇಟೆಂಟ್ ಬಂದದ್ದು 1975ರಲ್ಲಿ. ಪೈನ್ ಮರದ ಅಂಟಿನಿಂದ ಬರುವ ಟರ್ಪೆಂಟೈನ್‌ನಲ್ಲಿ ಬೀಟಾ-ಪೈನೀನ್ ಇರುತ್ತದೆ. ಅದನ್ನು ಕಾಯಿಸಿದರೆ ಮಿರ್ಸೀನ್. ಮಿರ್ಸೀನನ್ನು ಒಂದು ಕೀಟೋನ್ ಜೊತೆ ಕೂಡಿಸಿ, ಆಮ್ಲದಿಂದ ಉಂಗುರ ಕಟ್ಟಿಸಿದರೆ ಐಸೋ ಇ. ಕೈಗೆ ಸಿಗುವುದು ಒಂದೇ ಅಣುವಲ್ಲ, ಹಲವು ಐಸೋಮರ್‌ಗಳ (ಅವೇ ಪರಮಾಣುಗಳು ಬೇರೆ ಬೇರೆ ರೀತಿ ಜೋಡಣೆಯಾದ ಅಣುಗಳ) ಮಿಶ್ರಣ. ಹೆಚ್ಚು ಪಾಲಿರುವ ಐಸೋಮರ್‌ಗಳದ್ದು ಮಂದ ವಾಸನೆ. ಮೂಗಿಗೆ ನಿಜವಾಗಿ ತಟ್ಟುವುದು ಅಲ್ಪ ಪ್ರಮಾಣದಲ್ಲಿ ಸೇರಿಕೊಂಡಿರುವ ಒಂದು. ಪೇಟೆಂಟ್ ಮುಗಿದು ದಶಕಗಳಾಗಿರುವುದರಿಂದ ಈಗ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಇದನ್ನು ಮಾಡುತ್ತವೆ. ಐಸೋಮರ್‌ಗಳ ಪಾಲು ಬದಲಾದ ಹಾಗೆ ಘಮವೂ ಬದಲಾಗುತ್ತದೆ. ಒಬ್ಬರ ಮಾಲು ಒಣಗಿದ ಹಲಗೆಯಂತೆ, ಇನ್ನೊಬ್ಬರದು ರೇಷ್ಮೆಯಂತೆ. ಒಂದು ಕಡೆ ಹಿಡಿಸಲಿಲ್ಲವೆಂದು ಸಾಮಗ್ರಿಯನ್ನೇ ಬಿಟ್ಟುಬಿಡಬೇಡಿ.

ಇಷ್ಟು ಸಪ್ಪೆ ಸಾಮಗ್ರಿಗೆ ಇಷ್ಟು ಬೇಡಿಕೆ ಏಕೆ? ಇದು ರಾಗಕ್ಕಿಂತ ಹೆಚ್ಚಾಗಿ ಶ್ರುತಿ. ತಂಬೂರಿಯನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ, ನಿಲ್ಲಿಸಿದರೆ ಮಾತ್ರ ಕಚೇರಿ ಬರಿದಾಗುತ್ತದೆ. ಹೂವು, ಮಸಾಲೆ, ನಿಂಬೆ ಯಾವುದರ ಜೊತೆಗೂ ಸೇರಿ ಅವುಗಳ ನಡುವೆ ಗಾಳಿಯಾಡುವಂತೆ ಮಾಡುತ್ತದೆ. ಡಿಯೋರ್‌ನ 1988ರ ಫಾರೆನ್‌ಹೈಟ್ ಪರ್ಫ್ಯೂಮಿನಲ್ಲಿ ಸುಮಾರು ಕಾಲು ಭಾಗ ಇದೇ ಇತ್ತು. ಶಿಸೈಡೋದ 1992ರ ಫೆಮಿನಿತೆ ದ್ಯು ಬ್ವಾದಲ್ಲಿ ಸುಮಾರು 43 ಶೇಕಡಾ, 2006ರ ತೆರ್ ದೆರ್ಮೆಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು. ಅದೇ 2006ರಲ್ಲಿ ಗೆಜಾ ಶೋನ್ ಎಂಬ ಜರ್ಮನ್ ಪರ್ಫ್ಯೂಮರ್ ಆಲ್ಕೋಹಾಲ್‌ಗೆ ಇದೊಂದನ್ನೇ ಬೆರೆಸಿ ಮಾಲಿಕ್ಯೂಲ್ 01 ಎಂದು ಮಾರಾಟಕ್ಕಿಟ್ಟರು. ಬರಿಯ ತಂಬೂರಿಗೇ ಟಿಕೆಟ್ ಇಟ್ಟ ಹಾಗೆ, ಆದರೂ ಜನ ಕ್ಯೂ ನಿಂತರು!

ಈ ಶೇಕಡಾವಾರು ಓದುವಾಗ ಹೊಸಬರು ಎಡವುತ್ತಾರೆ. 43 ಶೇಕಡಾ ಎಂದರೆ ಸುಗಂಧದ ಕಂಪೌಂಡಿನಲ್ಲಿ, ಅಂದರೆ ಆಲ್ಕೋಹಾಲ್ ಸೇರಿಸುವ ಮೊದಲಿನ ಸುಗಂಧ ಮಿಶ್ರಣದಲ್ಲಿ, ಬಾಟಲಿಯಲ್ಲಿ ಅಲ್ಲ. ಬಾಟಲಿಯಲ್ಲಿ ಕಂಪೌಂಡು 15 ಶೇಕಡಾ ಇದ್ದರೆ ಐಸೋ ಇ ಆರೂವರೆ ಶೇಕಡಾ ಮಾತ್ರ. ಆದರೆ ನೀವು ಮಾಡುವುದು ನೇರವಾಗಿ ಚರ್ಮಕ್ಕೆ ಹಚ್ಚುವ ಅತ್ತರಾದರೆ ಬೆರೆಸಿದಷ್ಟೂ ಚರ್ಮಕ್ಕೇ. ಕೆಲವರಿಗೆ ಇದರಿಂದ ಅಲರ್ಜಿಯಾಗಬಹುದು. ಅಂತಾರಾಷ್ಟ್ರೀಯ ಸುಗಂಧ ಸಂಘಟನೆಯಾದ ಇಫ್ರಾ ಇದಕ್ಕೆ ಬಳಕೆಯ ಮಿತಿ ಹಾಕಿದೆ, ಆ ಮಿತಿಗಳು ಆಗಾಗ ಪರಿಷ್ಕಾರವಾಗುತ್ತವೆ. ಮಾರುವವರಿಂದ ಸದ್ಯದ ಇಫ್ರಾ ಪತ್ರ ಕೇಳಿ ಪಡೆಯಿರಿ. ಕೊಡಲು ಮೀನಮೇಷ ಎಣಿಸುವವರ ಹತ್ತಿರ ವ್ಯಾಪಾರ ಬೇಡ.

ಗಂಧದೆಣ್ಣೆ: ಯಾರ ಜೊತೆಗೂ ಹೋಲಿಸಲಾಗದ್ದು, ಆದರೂ ಹೋಲಿಸಲೇಬೇಕಾದದ್ದು

ಮೈಸೂರಿನವಳಾದ್ದರಿಂದ ಇಲ್ಲಿ ನನ್ನ ಪಕ್ಷಪಾತ ಇದ್ದೇ ಇದೆ. ಆದರೂ ಲೆಕ್ಕ ಲೆಕ್ಕವೇ.

ಮೊದಲನೆಯ ಮಹಾಯುದ್ಧದ ತನಕ ನಮ್ಮ ಗಂಧದ ಕೊರಡು ಹಡಗೇರಿ ಯುರೋಪಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಸಾಗಣೆ ನಿಂತು ಕೊರಡು ರಾಶಿ ಬಿದ್ದಾಗ, ನಾಲ್ವಡಿಯವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ ಮೈಸೂರಿನಲ್ಲೇ ಎಣ್ಣೆ ಭಟ್ಟಿ ಇಳಿಸುವ ಕಾರ್ಖಾನೆ ಶುರುವಾಯಿತು. ಶಿವಮೊಗ್ಗದ ಕಾರ್ಖಾನೆ 1944ರದ್ದು. ಎಣ್ಣೆ ಇರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬೆಳ್ಳನೆಯ ಭಾಗಕ್ಕೆ ಘಮವಿಲ್ಲ. ಚೇಗು ಬಲಿಯಲು ಹತ್ತಾರು ವರ್ಷ ಬೇಕು. ಪುಡಿ ಮಾಡಿ ಹಬೆಯಲ್ಲಿ ದಿನಗಟ್ಟಲೆ ಬೇಯಿಸಿದರೂ ನೂರು ಕಿಲೋಗೆ ಬರುವ ಎಣ್ಣೆ ಕೆಲವೇ ಕಿಲೋ. ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟಿರುವುದರಲ್ಲಿ ಆಶ್ಚರ್ಯವೇನಿಲ್ಲ. ಕನೌಜಿನ ಅತ್ತರಿನವರು ಗುಲಾಬಿ, ಕೇದಗೆಗಳನ್ನು ಗಂಧದೆಣ್ಣೆಯ ಮೇಲೇ ಇಳಿಸುತ್ತಿದ್ದರು; ಅಲ್ಲೂ ಈಗ ಬಹುಪಾಲು ಅಗ್ಗದ ದ್ರವಗಳೇ ಆ ಜಾಗಕ್ಕೆ ಬಂದಿವೆ.

ಐಎಸ್‌ಒ 3518 ಎಂಬ ಮಾನದಂಡದ ಪ್ರಕಾರ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ-ಸ್ಯಾಂಟಲಾಲ್ 41ರಿಂದ 55 ಶೇಕಡಾ, ಬೀಟಾ-ಸ್ಯಾಂಟಲಾಲ್ 16ರಿಂದ 24 ಶೇಕಡಾ ಇರಬೇಕು. ಗಂಧದ ಆ ಹಾಲುಗೆನೆಯಂಥ ಗುಣಕ್ಕೆ ಮುಖ್ಯ ಕಾರಣ ಬೀಟಾ. ಕೊಳ್ಳುವಾಗ ಜಿಸಿ ವರದಿಯಲ್ಲಿ (ಎಣ್ಣೆಯಲ್ಲಿ ಯಾವ ಅಣು ಎಷ್ಟಿದೆ ಎಂದು ತೋರಿಸುವ ಪ್ರಯೋಗಾಲಯದ ವರದಿ) ಈ ಎರಡು ಸಂಖ್ಯೆ ನೋಡಿದರೆ ಸಾಕು, ಉಳಿದ ಬಣ್ಣದ ಮಾತು ಬೇಡ. 'ಆಸ್ಟ್ರೇಲಿಯನ್ ಸ್ಯಾಂಡಲ್' ಎಂಬ ಹೆಸರಿನಲ್ಲೂ ಒಂದು ಗೊಂದಲವಿದೆ. ಅಲ್ಲಿನ ನಾಡಗಿಡವಾದ ಸ್ಯಾಂಟಲಮ್ ಸ್ಪಿಕೇಟಮ್ ಬೇರೆ ಜಾತಿ. ಅದರಲ್ಲಿ ಸ್ಯಾಂಟಲಾಲ್ ಕಡಿಮೆ, ಫಾರ್ನೆಸಾಲ್ ಹೆಚ್ಚು, ಘಮ ಒಣ ಮತ್ತು ಸ್ವಲ್ಪ ಖಾರ. ಪಶ್ಚಿಮ ಆಸ್ಟ್ರೇಲಿಯಾದ ಕುನುನುರ್ರಾ ಸುತ್ತ ತೋಟಗಳಲ್ಲಿ ಬೆಳೆಸುತ್ತಿರುವುದಾದರೋ ನಮ್ಮದೇ ಶ್ರೀಗಂಧ, ಸ್ಯಾಂಟಲಮ್ ಆಲ್ಬಮ್. ಎರಡಕ್ಕೂ ಒಂದೇ ದೇಶದ ಹೆಸರು ಅಂಟಿರುತ್ತದೆ. ಲ್ಯಾಟಿನ್ ಹೆಸರು ಕೇಳದೆ ದುಡ್ಡು ಎಣಿಸಬೇಡಿ.

ಇದನ್ನು ಐಸೋ ಇ ಪಕ್ಕದಲ್ಲಿಟ್ಟು ಮೂಸಿ. ಗಂಧದೆಣ್ಣೆ ಮೈಗೆ ಹತ್ತಿರದ ಘಮ. ಬೆಚ್ಚಗೆ, ನುಣ್ಣಗೆ, ಅಲ್ಲೇ ಕೂತಿರುತ್ತದೆ, ದೂರ ಹೋಗುವುದಿಲ್ಲ. ಐಸೋ ಇ ದೂರ ಹೋಗುತ್ತದೆ, ಆದರೆ ಅದಕ್ಕೆ ಮೈ ಇಲ್ಲ. ಗಂಧದೆಣ್ಣೆ ತುಪ್ಪವಾದರೆ ಐಸೋ ಇ ಒಗ್ಗರಣೆಯ ಹೊಗೆ ಅನ್ನಬಹುದೇನೋ. ಪರಸ್ಪರ ಜೊತೆಯಾಗುತ್ತವೆಯೇ ಹೊರತು ಒಂದರ ಕುರ್ಚಿಯಲ್ಲಿ ಇನ್ನೊಂದು ಕೂರುವುದಿಲ್ಲ.

ನಿಜವಾದ ಬದಲಿಗಳು

ಗಂಧದ ಕುರ್ಚಿಯಲ್ಲಿ ಕೂರಿಸಲೆಂದೇ ಮಾಡಿದ ಅಣುಗಳು ಬೇರೆ ಇವೆ. ತಮಾಷೆ ಎಂದರೆ ಇವೂ ಪೈನ್ ಮರದ ಮಕ್ಕಳೇ. ಟರ್ಪೆಂಟೈನ್‌ನ ಆಲ್ಫಾ-ಪೈನೀನ್‌ನಿಂದ ಕ್ಯಾಂಫೋಲೆನಿಕ್ ಆಲ್ಡಿಹೈಡ್, ಅದರಿಂದ ಸ್ಯಾಂಡಲೋರ್, ಎಬನಾಲ್, ಪಾಲಿಸ್ಯಾಂಟಾಲ್, ಬ್ಯಾಕ್‌ಡನಾಲ್, ಜಾವನಾಲ್. ಅದೇ ಆಲ್ಫಾ-ಪೈನೀನ್ ಕ್ಯಾಂಫೀನ್ ಆಗಿ ಹೋದರೆ ಐಸೋಬಾರ್ನೈಲ್ ಸೈಕ್ಲೋಹೆಕ್ಸನಾಲ್. ನಮ್ಮ ಸಾಣೆಕಲ್ಲಿನ ಘಮ ಎಲ್ಲೋ ಇರುವ ಪೈನ್ ಕಾಡಿನಿಂದ ಬರುತ್ತಿದೆ.

ಕೊನೆಯದನ್ನು ಊದುಬತ್ತಿಯವರು ಐಬಿಸಿಎಚ್ ಅನ್ನುತ್ತಾರೆ. ಜೇನಿನಂತೆ ಗಟ್ಟಿ, ಚಳಿಗಾಲದಲ್ಲಿ ಬಾಟಲಿಯಿಂದ ಸುರಿಯಲು ಬಿಸಿನೀರಲ್ಲಿ ಇಡಬೇಕು. ಒಂದು ಚೂರು ಕರ್ಪೂರದ ಛಾಯೆ ಬಿಟ್ಟರೆ ಮಂದವಾದ, ಒಳ್ಳೆಯ ಗಂಧದ ಮೈ ಇದಕ್ಕಿದೆ, ಬೆಲೆಯೂ ಕಡಿಮೆ. ಅಗ್ಗದ 'ಶುದ್ಧ ಗಂಧದೆಣ್ಣೆ'ಯಲ್ಲಿ ಕಲಬೆರಕೆಯಾಗಿ ಸಿಗುವುದೂ ಇದೇ! ಹತ್ತು ಎಂಎಲ್ ಶುದ್ಧ ಎಣ್ಣೆ ಇನ್ನೂರು ರೂಪಾಯಿಗೆ ಎಂದು ಯಾರಾದರೂ ಮಾರಿದರೆ, ಐಬಿಸಿಎಚ್ ಕೊಟ್ಟಿದ್ದರೆ ನಿಮ್ಮ ಪುಣ್ಯ ಅಂದುಕೊಳ್ಳಿ.

ಸ್ಯಾಂಡಲೋರ್ ಜಿವೋದಾನ್ ಎಂಬ ಸ್ವಿಸ್ ಸುಗಂಧ ಕಂಪನಿಯದು. ಗಂಧಕ್ಕೆ ಹತ್ತಿರ, ಸ್ವಲ್ಪ ಸಿಹಿ, ಸೋಪಿನಲ್ಲಿ ಅತ್ತರಿನಲ್ಲಿ ಎಲ್ಲಿಟ್ಟರೂ ಜಗಳ ತೆಗೆಯುವುದಿಲ್ಲ. ಒಂದೇ ಒಂದು ಗಂಧದ ಅಣು ಕೊಳ್ಳುವಷ್ಟು ದುಡ್ಡಿದ್ದರೆ ನಾನು ಇದನ್ನೇ ಹೇಳುತ್ತೇನೆ. ಎಬನಾಲ್ ಅದಕ್ಕಿಂತ ಒಣ ಮತ್ತು ಗಡಸು, ಜಾಸ್ತಿಯಾದರೆ ಮೂಗು ಕುಟುಕುತ್ತದೆ.

ಜಾವನಾಲ್ ವಿಷಯ ಬೇರೆ. ಅದೂ ಜಿವೋದಾನ್‌ನದೇ, 1990ರ ದಶಕದ ಶೋಧ. ಒಂದು ಲೀಟರ್ ಗಾಳಿಯಲ್ಲಿ 0.02 ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ನೇರವಾಗಿ ಬಳಸುವ ಧೈರ್ಯ ಮಾಡಬೇಡಿ. ನನ್ನ ತಕ್ಕಡಿಯ ಮೇಲೆ ಒಂದು ಹನಿ ಚೆಲ್ಲಿ, ಆ ಕೋಣೆಯಲ್ಲಿ ಮೂರು ದಿನ ಬೇರೇನೂ ಮೂಸಲಾಗಲಿಲ್ಲ. ಹತ್ತು ಶೇಕಡಾ ದ್ರಾವಣ ಮಾಡಿಟ್ಟುಕೊಂಡು ಅದರಿಂದ ಹನಿ ಎಣಿಸಿ. ಗ್ರಾಂ ಲೆಕ್ಕದಲ್ಲಿ ದುಬಾರಿ, ಬಳಕೆಯ ಲೆಕ್ಕದಲ್ಲಿ ಅಗ್ಗ. ಅದರ ದೋಷ ಎಂದರೆ ಲೋಹದ ಹೊಳಪಿನಂಥ ಒಂದು ಚಳುಕು. ಹಿತ್ತಾಳೆ ತಟ್ಟೆಯಲ್ಲಿ ಇಟ್ಟ ಗಂಧ ಅನಿಸುತ್ತದೆ. ಐಸೋ ಇ ಜೊತೆಗೆ ಸೇರಿಸಿದರೆ ಆ ಚಳುಕು ಮೆತ್ತಗಾಗುತ್ತದೆ. ಐಸೋ ಇಯನ್ನು ನಾನು ಇಷ್ಟಪಡಲು ಇದೂ ಒಂದು ಕಾರಣ.

ಇವುಗಳ ಪಕ್ಕದಲ್ಲೇ ಮಾರುವ ಇನ್ನೆರಡರ ಬಗ್ಗೆ ಎರಡು ಮಾತು. ಆಂಬ್ರಾಕ್ಸನ್ ಬಿಳಿ ಹರಳು. ಕ್ಲಾರಿ ಸೇಜ್ ಗಿಡದ ಸ್ಕ್ಲೇರಿಯಾಲ್‌ನಿಂದ ಮಾಡುತ್ತಾರೆ, ಅಂಬರಿನ ಜಾತಿಯ ಘಮ, ಮರ ಅಲ್ಲವೇ ಅಲ್ಲ. ಅಸಿಟೈಲ್ ಸೀಡ್ರೀನ್ ಸಿಡಾರ್ ಎಣ್ಣೆಯ ಟರ್ಪೀನ್‌ಗಳಿಂದ ಬಂದದ್ದು. ಒಣ ಮರ, ಕೆಳಗೆ ಸ್ವಲ್ಪ ಚರ್ಮದ ಛಾಯೆ. ಐಸೋ ಇ ತೀರಾ ಗಾಳಿಯಾಯಿತು, ಹಿಡಿಯಲು ಏನಾದರೂ ಬೇಕು ಅನಿಸಿದಾಗ ಇದು ಒದಗುತ್ತದೆ. ಹಿಮಾಲಯದ ದೇವದಾರು ಎಣ್ಣೆಯನ್ನು ಇದೇ ಎಂದು ಮಾರಿದರೆ ಒಪ್ಪಬೇಡಿ, ಅದರ ಹುಳಿ ಸೊಗಡೇ ಬೇರೆ.

ಕೆಲಸಕ್ಕೆ ತಕ್ಕಂತೆ

ಸೋಪಿನಿಂದ ಶುರು ಮಾಡೋಣ, ಅಲ್ಲಿ ಲೆಕ್ಕ ಸುಲಭ. ಒಂದು ಕಿಲೋ ಸೋಪಿಗೆ 3 ಶೇಕಡಾ ಸುಗಂಧ ಎಂದರೆ 30 ಗ್ರಾಂ. ಗಂಧದೆಣ್ಣೆಯೇ ಹಾಕಿದರೆ, ಕಿಲೋಗೆ ಬರಿಯ ಲಕ್ಷ ಎಂದುಕೊಂಡರೂ 3,000 ರೂಪಾಯಿ. ನೂರು ಗ್ರಾಂನ ಒಂದು ಬಿಲ್ಲೆಗೆ ಎಣ್ಣೆಯ ಖರ್ಚೇ 300. ಅದರಲ್ಲಿ ಹೆಚ್ಚಿನದು ಬಚ್ಚಲ ನೀರಿಗೆ. ದೊಡ್ಡ ಕಾರ್ಖಾನೆಯ ಲೆಕ್ಕ ಬೇರೆ, ಮನೆಯಲ್ಲಿ ಇದು ಆಗದ ಮಾತು. ಸೋಪಿಗೆ ಐಬಿಸಿಎಚ್ ಅಥವಾ ಸ್ಯಾಂಡಲೋರ್ ಮೈಯಾಗಿ, ಐಸೋ ಇ ಹಿನ್ನೆಲೆಯಾಗಿ ಇರಲಿ. ಕಾಸ್ಟಿಕ್ ಸೋಡಾಗೆ ಇವು ಹೆದರುವುದಿಲ್ಲ, ಬಣ್ಣವೂ ಕೆಡುವುದಿಲ್ಲ. ಸೋಪು ಒಣಗಲು ಇಟ್ಟ ನಾಲ್ಕನೇ ವಾರದಲ್ಲಿ ಐಸೋ ಇ ತನ್ನ ಇರವು ತೋರಿಸುತ್ತದೆ. ಅದಕ್ಕೆ ಮೊದಲು ಮೂಸಿ ಬೇಸರಪಡಬೇಡಿ.

ಊದುಬತ್ತಿಗೆ ಐಸೋ ಇ ಹಾಕುವುದು ದಂಡ ಎನ್ನುವುದು ನನ್ನ ಅನುಭವ. ಹಸಿ ಬತ್ತಿ ಅದ್ದುವ ಕಂಪೌಂಡಿನಲ್ಲಿ ಸೇರಿಸಿ ನೋಡಿದ್ದೇನೆ. ಇದ್ದಿಲು ಮತ್ತು ಜಿಗಟಿನ (ಬತ್ತಿಯ ಹಿಟ್ಟನ್ನು ಅಂಟಿಸುವ ತೊಗಟೆ ಪುಡಿಯ) ಹೊಗೆಯ ಮುಂದೆ ಅದರ ನಯ ಯಾರಿಗೂ ತಿಳಿಯುವುದಿಲ್ಲ. ಉರಿಯದೆ ಪೊಟ್ಟಣದಲ್ಲಿರುವಾಗ ಮಾತ್ರ ಚೆಂದ. ಹೊಗೆಯಲ್ಲೂ ಗಂಧ ಅನಿಸಿಕೊಳ್ಳಲು ಐಬಿಸಿಎಚ್‌ನಂಥ ಗಟ್ಟಿಯಾಳು ಬೇಕು, ಮೇಲೆ ಕಾಣಿಕೆಯಷ್ಟು ಜಾವನಾಲ್. ಮಸಾಲಾ ಬತ್ತಿಯಾದರೆ ನಿಜವಾದ ಗಂಧದ ಪುಡಿಯ ಮುಂದೆ ಇವೆಲ್ಲ ಸುಮ್ಮನೆ.

ಅತ್ತರಿಗೆ ಬಂದಾಗ ಮಾತ್ರ ನಾನು ಗಂಧದೆಣ್ಣೆಗೆ ದುಡ್ಡು ಹಾಕುತ್ತೇನೆ, ಅದೂ ಹನಿಗಳಲ್ಲಿ. ಹತ್ತು ಗ್ರಾಂ ಅತ್ತರಿಗೆ ನನ್ನ ಅಳತೆ ಹೀಗೆ: ಐಸೋ ಇ 1 ಗ್ರಾಂ, ಸ್ಯಾಂಡಲೋರ್ 0.6, ಗಂಧದೆಣ್ಣೆ 0.2, ಜಾವನಾಲ್ ಹತ್ತು ಶೇಕಡಾ ದ್ರಾವಣ 0.2, ಉಳಿದ 8 ಗ್ರಾಂ ಡಿಪಿಜಿ. ಇದರಲ್ಲಿ ನಿಜವಾದ ಜಾವನಾಲ್ 20 ಮಿಲಿಗ್ರಾಂ ಮಾತ್ರ. ಗಂಧದೆಣ್ಣೆ ಇಷ್ಟೇ ಇಷ್ಟು ಯಾಕೆ ಬೇಕು ಎಂದು ಕೇಳಬಹುದು. ಅದನ್ನು ಬಿಟ್ಟು ಒಮ್ಮೆ ಮಾಡಿ ನೋಡಿ. ಎಲ್ಲ ಇದ್ದೂ ಉಪ್ಪಿಲ್ಲದ ಹಾಗಿರುತ್ತದೆ. ಸಿಂಥೆಟಿಕ್ ಅಣುಗಳ ನಡುವಿನ ಸಂದುಗಳನ್ನು ಅದು ಮೆತ್ತುತ್ತದೆ. ಮುಂಗೈಗೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾದು, ತುರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಬಳಸಿ. ಸ್ಪ್ರೇ ಮಾಡುವ ಆಸೆಯಿದ್ದರೆ ಸ್ಪಿರಿಟ್ ಬೇಕು, ಅದಕ್ಕೆ ಅಬಕಾರಿ ನಿಯಮಗಳ ತೊಡಕಿದೆ. ಹವ್ಯಾಸಿಗಳು ಸ್ಪಿರಿಟ್ ಇಲ್ಲದ ಇಂಥ ಅತ್ತರಿನಲ್ಲೇ ಕೈ ಪಳಗಿಸುವುದು ನೆಮ್ಮದಿ.

ಮೇಣದಬತ್ತಿ, ಕೋಣೆಯ ಡಿಫ್ಯೂಸರ್ ಮಾಡುವವರಿಗೆ ಹೆಚ್ಚು ಯೋಚನೆ ಬೇಡ, ಐಸೋ ಇ ಸೂಪರ್ ಕೊಳ್ಳಿ. ಕೋಣೆ ತುಂಬುವುದೇ ಅದರ ಹುಟ್ಟುಗುಣ, ಬೆಲೆಯೂ ಕಿಲೋಗೆ ಕೆಲವು ಸಾವಿರದಷ್ಟೇ.

ಮೂಸುವ ಕ್ರಮ

ಅಂಗಡಿಯಲ್ಲಿ ನಿಂತು ಹತ್ತು ಬಾಟಲಿ ಮೂಸಿ ಆರಿಸುವುದು ಮರದ ಸಾಮಗ್ರಿಗಳ ವಿಷಯದಲ್ಲಿ ವ್ಯರ್ಥ. ಇವೆಲ್ಲ ತೂಕದ ಅಣುಗಳು, ನಿಧಾನವಾಗಿ ಏಳುತ್ತವೆ, ಮೂಗನ್ನು ಬೇಗ ದಣಿಸುತ್ತವೆ. ಒಂದು ಮೂಸಿದ ಮೇಲೆ ಇನ್ನೊಂದು ತಿಳಿಯುವುದೇ ಇಲ್ಲ. ಐದು ಅಥವಾ ಹತ್ತು ಗ್ರಾಂನ ಸ್ಯಾಂಪಲ್ ತಂದು, ಎಲ್ಲವನ್ನೂ ಹತ್ತು ಶೇಕಡಾಕ್ಕೆ, ಜಾವನಾಲನ್ನು ಒಂದು ಶೇಕಡಾಕ್ಕೆ ತೆಳುಮಾಡಿ, ಪಟ್ಟಿಗಳ ಮೇಲೆ ಹೆಸರು ಮತ್ತು ಗಂಟೆ ಬರೆದು, ಬೇರೆ ಬೇರೆ ಕೋಣೆಗಳಲ್ಲಿ ಸಿಕ್ಕಿಸಿ. ಅರ್ಧ ಗಂಟೆ, ಸಂಜೆ, ಮರುದಿನ ಬೆಳಿಗ್ಗೆ ಹೀಗೆ ಮೂರು ಸಲ ಮೂಸಿ. ಐಸೋ ಇ ಪಟ್ಟಿಯನ್ನು ಮಾತ್ರ ಬಾಗಿಲ ಬಳಿ ಇಟ್ಟು, ಹೊರಗಿನಿಂದ ಬಂದವರನ್ನು ಕೇಳಿ. ನಿಮ್ಮ ಮೂಗಿನ ಸಾಕ್ಷಿ ಆ ಒಂದರ ವಿಷಯದಲ್ಲಿ ನಡೆಯುವುದಿಲ್ಲ.

ಗಂಧದ ಬದಲಿಗಳನ್ನು ಅಳೆಯಲು ಒಂದು ಅಸಲು ಬೇಕಲ್ಲ? ಎಣ್ಣೆ ಕೊಳ್ಳಲು ಆಗದಿದ್ದರೆ ಸರ್ಕಾರಿ ಮಳಿಗೆಯಿಂದ ಬೆರಳುದ್ದದ ಗಂಧದ ಕೊರಡು ರಸೀದಿ ಸಮೇತ ತನ್ನಿ. ಅಜ್ಜಿಯ ಕಾಲದ ಸಾಣೆಕಲ್ಲು ಅಟ್ಟದ ಮೇಲೆ ಎಲ್ಲೋ ಇದ್ದೇ ಇರುತ್ತದೆ. ನಾಲ್ಕು ಹನಿ ನೀರು ಹಾಕಿ ತೇಯ್ದು, ಆ ಒದ್ದೆ ಗಂಧದ ಪಕ್ಕದಲ್ಲಿ ಸ್ಯಾಂಡಲೋರ್, ಐಬಿಸಿಎಚ್, ಜಾವನಾಲ್ ಪಟ್ಟಿಗಳನ್ನು ಒಂದೊಂದಾಗಿ ಹಿಡಿಯಿರಿ. ಯಾವುದಕ್ಕೆ ಏನು ಕಡಿಮೆ ಬಿತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಚೀಟಿ ಹಿಡಿದು ಅಂಗಡಿಗೆ ಹೋಗಿ.